ಸುತ್ತುಹರಳಿನ ಉಂಗುರ

"ಗಂಡಸಿಗೆ ಉಂಗುರದ ಬಗ್ಗೆ ಇಷ್ಟೊಂದು ಗೊತ್ತಿದೆ ಅಂದ್ರೆ, ಅದು ಅವನ ಮೊದಲನೇ ಉಂಗುರ ಅಲ್ಲ ಅಂತ ತಿಳ್ಕೋ," ಎಂದಳು ಅಕ್ಕ, ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆಯದೆಯೇ.

ಅಕ್ಕ ದರ್ಜಿ. ಗುಂಡುಸೂಜಿ ಕಚ್ಚಿಕೊಂಡು ಮಾತಾಡುವುದು ಕಸುಬಿನ ಅಭ್ಯಾಸ. ಮಾತಿನಲ್ಲೇ ಚುಚ್ಚುವುದು ಆಮೇಲೆ ಬಂದದ್ದು. ಒಂದು ಕಾಲಕ್ಕೆ ಅವಳೂ ಎಲ್ಲರನ್ನೂ ನಂಬುತ್ತಿದ್ದಳು. ಒಮ್ಮೆ ಗಂಡನ ಅಂಗಿ ಇಸ್ತ್ರಿ ಮಾಡುವಾಗ, ಎದೆಯ ಮೇಲಿನ ಒಂದು ಗುಂಡಿಯನ್ನು ಬೇರೆ ದಾರದಲ್ಲಿ ಹೊಲಿದಿರುವುದು ಕಣ್ಣಿಗೆ ಬಿತ್ತು. ದರ್ಜಿಯ ಗಂಡನಿಗೆ ಇನ್ನೊಬ್ಬರು ಗುಂಡಿ ಹೊಲಿದುಕೊಡುತ್ತಾರೆ ಎಂದರೆ ಇನ್ನೇನು ಉಳಿಯಿತು? ಕೈ ಹುಣ್ಣಿಗೆ ಕನ್ನಡಿ ಬೇಕೆ? ಆ ದಾರ ಹಿಡಿದು ಹೊರಟವಳಿಗೆ ಗಂಡನ ಇನ್ನೊಂದು ಮನೆಯೇ ಸಿಕ್ಕಿತು. ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಭಯ ಎನ್ನುತ್ತಾರೆ. ಅಕ್ಕನಿಗೆ ಹಗ್ಗ ಹಾಗಿರಲಿ, ನೂಲಿನ ಎಳೆ ಕಂಡರೂ ಅನುಮಾನ ಬರುತ್ತಿತ್ತು.

ಈಗ ತಂಗಿಯ ಸರದಿ. ತಂಗಿಗೆ ನಲವತ್ತು ದಾಟಿತ್ತು. ಕಣ್ಣಿನ ಆಸ್ಪತ್ರೆಯ ಮೊದಲ ಕೋಣೆಯಲ್ಲಿ ಅವಳ ಕೆಲಸ. ಬಂದವರನ್ನು ಡಾಕ್ಟರ ಬಳಿ ಕಳಿಸುವ ಮೊದಲು ಕೂರಿಸಿಕೊಂಡು ಪ್ರಶ್ನೆ ಕೇಳಬೇಕು. ಉರಿ ಇದೆಯಾ, ನೀರು ಬರುತ್ತಾ, ಎರಡೆರಡು ಕಾಣುತ್ತಾ, ಮನೇಲಿ ಯಾರಿಗಾದ್ರೂ ಕಣ್ಣು ಹೋಗಿತ್ತಾ, ಹೀಗೆ ಒಂದು ಸಾಲು. ವರ್ಷಗಟ್ಟಲೆ ಕೇಳಿ ಕೇಳಿ ಎಷ್ಟು ರೂಢಿಯಾಗಿತ್ತೆಂದರೆ, ಬಾಯಿ ಕೇಳುತ್ತಿರುವಾಗ ಮನಸ್ಸು ಮಾರ್ಕೆಟ್ಟಿಗೆ ಹೋಗಿ ಬಂದಿರುತ್ತಿತ್ತು. ಜೊತೆಯವರು ಅವಳಿಗಿಟ್ಟ ಹೆಸರು ಪ್ರಶ್ನೆಪತ್ರಿಕೆ. ಅವಳಿಗದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಆಸ್ಪತ್ರೆಯ ಔಷಧಿ ಬೀರುವಿನ ಬೀಗ ಕೆಟ್ಟಾಗ ರಿಪೇರಿಗೆ ಬಂದವನು ಬೀಗದವನು. ದಪ್ಪ ಕನ್ನಡಕ, ಬೆರಳ ತುದಿಗಳಲ್ಲಿ ಎಣ್ಣೆಯ ಕಪ್ಪು. ಬೀಗಕ್ಕೆ ಕಿವಿಯಿಟ್ಟು, ಕಣ್ಣು ಮುಚ್ಚಿಕೊಂಡು, ಹೆಬ್ಬೆರಳಲ್ಲಿ ತಡವಿ ತಡವಿ ಬಾಗಿಲು ತೆಗೆದ. ಕೂಲಿ ತೆಗೆದುಕೊಂಡು ಹೋಗುವ ಬದಲು, "ಇದು ಮತ್ತೆ ಕೆಡುತ್ತೆ, ನಾಳೆ ಬಂದು ನೋಡ್ತೀನಿ," ಎಂದ. ಬೀಗ ಕೆಡಲಿಲ್ಲ, ಅವನು ಬರುವುದೂ ಬಿಡಲಿಲ್ಲ. ಅವನಿಗೂ ವಯಸ್ಸು ಅಷ್ಟೇ, ಅವನದೂ ಒಂಟಿ ಜೀವ. ಊರಿನ ಬಾಗಿಲುಗಳನ್ನೆಲ್ಲ ತೆಗೆಯಬಲ್ಲವನು ಬಾಯಿ ಮಾತ್ರ ಅಷ್ಟಾಗಿ ತೆಗೆಯುತ್ತಿರಲಿಲ್ಲ.

ಆದರೆ ಚಳಿಗಾಲದ ಒಂದು ಸಂಜೆ ತೆಗೆದ. ಇಬ್ಬರೂ ಬಸ್ ನಿಲ್ದಾಣದಲ್ಲಿ ನಿಂತಿದ್ದರು. ಬೀದಿದೀಪಗಳು ಆಗಷ್ಟೇ ಹೊತ್ತಿಕೊಂಡಿದ್ದವು. ಅವನು ತುಂಬ ಹೊತ್ತು ಅವುಗಳನ್ನೇ ನೋಡುತ್ತಿದ್ದು, "ಒಂದೊಂದು ದೀಪಕ್ಕೂ ಒಂದೊಂದು ಉಂಗುರ. ನಿನಗೂ ಕಾಣುತ್ತಾ?" ಎಂದ.

ಅವಳು ತಲೆಯೆತ್ತಿ ನೋಡಿದಳು. ದೀಪ ಇತ್ತು, ದೀಪಕ್ಕೆ ಮುತ್ತಿದ ಹುಳ ಇತ್ತು. ಉಂಗುರ ಗಿಂಗುರ ಏನೂ ಇರಲಿಲ್ಲ. ಆದರೆ ನಲವತ್ತು ವರ್ಷ ಕಾದ ಮೇಲೆ ಗಂಡಸೊಬ್ಬ ಕವಿಯ ಹಾಗೆ ಮಾತಾಡುತ್ತಿರುವಾಗ ವ್ಯಾಕರಣ ತಿದ್ದುವುದಕ್ಕೆ ಅವಳೇನು ಮೇಷ್ಟರೆ? ನಾಚಿಕೊಂಡು, "ಕಾಣುತ್ತೆ," ಎಂದಳು.

ಅವನು ಹೊರೆ ಇಳಿಸಿದವನ ಹಾಗೆ ಉಸಿರುಬಿಟ್ಟ. "ಹಾಗಾದ್ರೆ ನಿನ್ನ ಬೆರಳೊಂದೇ ಯಾಕೆ ಖಾಲಿ ಇರ್ಬೇಕು?" ಎಂದ. ಮದುವೆ ಅಲ್ಲಿಗೆ ನಿಶ್ಚಯವಾಯಿತು.

ಉಂಗುರ ಆರಿಸುವ ಹೊತ್ತು ಬಂದಾಗ ಶುರುವಾಯಿತು ತಕರಾರು. ಅವಳಿಗೆ ಸಾದಾ ಉಂಗುರ ಸಾಕಿತ್ತು. ಅವನು ಬಿಲ್‌ಕುಲ್ ಒಪ್ಪಲಿಲ್ಲ. ನಡುವೆ ಒಂದು ವಜ್ರ, ಅದರ ಸುತ್ತ ಸಣ್ಣ ಸಣ್ಣ ಹರಳುಗಳ ಒಂದು ಬಳೆ, ಅಂಥದ್ದೇ ಆಗಬೇಕು. ಅಂಗಡಿಗಳಲ್ಲಿ ವಿಚಾರಿಸಿ ಅದರ ಹೆಸರನ್ನೂ ತಿಳಿದುಕೊಂಡು ಬಂದಿದ್ದ: ಹೇಲೋ ಉಂಗುರ.

"ಹಲೋ ಉಂಗುರ!" ಎಂದು ಅಕ್ಕ ಕತ್ತರಿ ಕೆಳಗಿಟ್ಟಳು. "ಅದನ್ನ ಬೆರಳಿಗೆ ಹಾಕ್ಕೊಳ್ಳೋದೋ, ಕಿವಿಗೆ ಇಟ್ಕೊಳ್ಳೋದೋ? ನೋಡು, ದುಡ್ಡಿನ ಮನುಷ್ಯ ಅಲ್ಲ, ಷೋಕಿಯವನಲ್ಲ, ಮೂರು ಅಂಗಿ ಇಟ್ಕೊಂಡಿರೋನು. ಇಂಥವನಿಗೆ ಇಂಥದ್ದೇ ಉಂಗುರ ಬೇಕು ಅಂತ ಹಟ ಯಾಕೆ? ಎಲ್ಲೋ ನೋಡಿದಾನೆ. ಯಾರದೋ ಕೈಯಲ್ಲಿ ನೋಡಿದಾನೆ."

ತಂಗಿ ನಕ್ಕಳು. ಆದರೆ ಅನುಮಾನ ಎನ್ನುವುದು ಬಟ್ಟೆಗೆ ಬಿದ್ದ ಎಣ್ಣೆ. ಬಿದ್ದಾಗ ಚುಕ್ಕೆಯಷ್ಟೇ ಇರುತ್ತದೆ. ಅವಳು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಅಕ್ಕ ಹೇಳಿದ್ದನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡಳು.

ಅವನು ಯಾವತ್ತೂ ಸಂಜೆ ನಿಲ್ಲುವುದಿಲ್ಲ. ಕತ್ತಲಾಗುತ್ತಿದ್ದಂತೆ ತಲೆನೋವು ಎಂದು ಹೊರಟುಬಿಡುತ್ತಾನೆ. ಅಕ್ಕನ ಗಂಡನಿಗೂ ಇದೇ ತಲೆನೋವಿತ್ತು, ಅದರ ಮದ್ದು ಆ ಇನ್ನೊಂದು ಮನೆಯಲ್ಲಿತ್ತು. ಸಿನಿಮಾಕ್ಕೆ ಹೋದರೆ ಅರ್ಧಕ್ಕೇ ಎದ್ದು ಹೋದ. ಹುಡುಕಿಕೊಂಡು ಹೋದಾಗ ಹೊರಗಿನ ಗೋಡೆಗೆ ಒರಗಿ, ಒಂದು ಕಣ್ಣಿಗೆ ಅಂಗೈ ಒತ್ತಿಕೊಂಡು ನಿಂತಿದ್ದ. ಯಾರನ್ನೋ ನೋಡಿ ಮುಖ ಮರೆಸಿಕೊಂಡದ್ದೇ? ಕೆಲವು ದಿನ ಬೆಳಿಗ್ಗೆ ಕಣ್ಣು ಕೆಂಪಗಿರುತ್ತಿತ್ತು. "ಕುಡೀತಾನೆ," ಎಂದಿದ್ದಳು ಅಕ್ಕ. ಹೋದ ವಾರವಂತೂ ಮುಸ್ಸಂಜೆಯಲ್ಲಿ ಅಕ್ಕನ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವ ಹಾಗೆ, ಗುರುತೇ ಇಲ್ಲದವನಂತೆ ನಡೆದುಹೋದನಂತೆ. "ಜೊತೆಗೆ ಯಾರಾದ್ರೂ ಇದ್ರಾ?" ಎಂದು ತಂಗಿ ಕೇಳಿದ್ದಳು. "ಇರ್ಲಿಲ್ಲ. ಹಿಂದೆ ಬರ್ತಿದ್ರೇನೋ," ಎಂದಿದ್ದಳು ಅಕ್ಕ.

"ಅಷ್ಟು ಮುಗ್ಧ ಮುಖ ಅಕ್ಕಾ ಅವನದ್ದು," ಎಂದು ತಂಗಿ ಒಮ್ಮೆ ಅವನ ಪರ ವಹಿಸಿದ್ದೂ ಉಂಟು.

"ಅದು ಕನ್ನಡಕದ ಮಹಿಮೆ. ಆ ದಪ್ಪ ಗಾಜಿನ ಹಿಂದೆ ಕಣ್ಣು ಬಟ್ಟಲಿನಷ್ಟು ಕಾಣುತ್ತೆ. ತೆಗೆಸಿ ನೋಡು, ಮುಗ್ಧತೆ ಅರ್ಧಕ್ಕೆ ಇಳಿಯುತ್ತೆ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆ ದಿನದಿಂದ ತಂಗಿಗೂ ಹಳದಿ ಕಾಣತೊಡಗಿತು. ಅವನ ಅಂಗಿಯ ಗುಂಡಿಗಳನ್ನು ಅವಳು ಒಂದೊಂದಾಗಿ ನೋಡುವಳು, ಫೋನಿನಲ್ಲಿ ಅವನ ದನಿ ತಗ್ಗಿದರೆ ಕಿವಿ ಚುರುಕಾಗುವುದು. ಅವಳಿಗೆ ಅವನು ಬೇಕಾಗಿದ್ದ. ಬೇಕಾಗಿದ್ದ ಎಂಬುದೇ ಅವಳ ಸಂಕಟ. ಉಂಗುರದ ಅಂಗಡಿಯಲ್ಲೇ ಇತ್ಯರ್ಥ ಮಾಡಿಬಿಡುತ್ತೇನೆ ಎಂದು ನಿರ್ಧರಿಸಿದಳು. ಆ ಉಂಗುರವನ್ನು ಎಲ್ಲಿ ನೋಡಿದ್ದಾನೆ ಎಂದು ಬಾಯಿ ಬಿಡಿಸುವುದು. ಉತ್ತರ ನೆಟ್ಟಗಿದ್ದರೆ ಉಂಗುರ, ಇಲ್ಲದಿದ್ದರೆ ಇಲ್ಲಿಗೇ ಮುಗಿಯಿತು. ಸಾಕ್ಷಿಗೆ ಅಕ್ಕನನ್ನೂ ಕರೆದುಕೊಂಡು ಹೊರಟಳು. ಅಕ್ಕ ತನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ ಬಂದಳು. ಆ ಬೀಗವನ್ನು ಅವನಿಂದ ಕೊಂಡಿರಲಿಲ್ಲ.

ವಜ್ರದ ಅಂಗಡಿ ಕಿರಿದಾಗಿ, ಉದ್ದಕ್ಕಿತ್ತು. ಅಂಗಡಿಯಾತ ಕರಿ ಮಖಮಲ್ಲಿನ ತಟ್ಟೆಯನ್ನು ಗಾಜಿನ ಮೇಲಿಟ್ಟು, ಉಂಗುರಗಳನ್ನು ಮಕ್ಕಳನ್ನು ಎಬ್ಬಿಸುವಷ್ಟು ಮೆಲ್ಲಗೆ ಒಂದೊಂದಾಗಿ ಎತ್ತಿಟ್ಟ. ಹೊರಗೆ ಬಿಸಿಲು ಇಳಿಯುತ್ತಿತ್ತು. ನಡುವೆ ಬೀಗದವನು, ಅವನ ಎಡಕ್ಕೆ ತಂಗಿ, ಬಲಕ್ಕೆ ಅಕ್ಕ ಕುಳಿತರು. ಪೊಲೀಸರ ನಡುವೆ ಕುಳಿತವನಂತೆ ಅವನು ಕಾಣುತ್ತಿದ್ದ, ಅದು ಅವನೊಬ್ಬನಿಗೆ ತಿಳಿದಿರಲಿಲ್ಲ.

"ಸುತ್ತ ಸಣ್ಣ ಹರಳು ಕೂರಿಸಿದ್ರೆ ನಡುವಿನ ಕಲ್ಲು ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತೆ, ಅದೇ ಇದರ ವಿಶೇಷ," ಎಂದ ಅಂಗಡಿಯಾತ.

"ಅಂದ್ರೆ ಮೋಸ," ಎಂದಳು ಅಕ್ಕ.

"ಮೋಸ ಅಲ್ಲಮ್ಮ, ಮೆರುಗು."

"ನಡುವಿನ ಕಲ್ಲಿನ ಅಂಚು ಮುಕ್ಕಾಗಿದ್ರೆ ಅದೂ ಮುಚ್ಚಿಹೋಗುತ್ತಾ?"

"ಮುಚ್ಚಿಹೋಗುತ್ತೆ. ಆದ್ರೆ ನಮ್ಮಲ್ಲಿ ಹಾಗಿರಲ್ಲ."

"ಎಲ್ಲಾರೂ ಹಾಗೇ ಹೇಳೋದು. ಬೆಳ್ಳಗಿರೋದೆಲ್ಲ ಹಾಲಲ್ಲ," ಎಂದು ಅಕ್ಕ ಒಂದು ಉಂಗುರವನ್ನು ಎತ್ತಿ, ಹೊಲಿಗೆ ಬಿಟ್ಟಿದೆಯೇ ಎಂದು ನೋಡುವವಳ ಹಾಗೆ ಒಳಗೂ ಹೊರಗೂ ತಿರುಗಿಸಿದಳು. ಅಂಗಡಿಯಾತ ನಗುತ್ತಲೇ ಹೇಳಿದ: "ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅಂತಾರೆ. ನಮ್ಮಲ್ಲಂತೂ ಇರೋದೇ ಕಲ್ಲಮ್ಮ, ಏನು ಮಾಡೋಣ?"

ಬೀಗದವನು ಇದಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಒಂದೊಂದೇ ಉಂಗುರವನ್ನು ಕನ್ನಡಕದ ಹತ್ತಿರ ತಂದು ನೋಡಿ ಕೆಳಗಿಡುತ್ತಿದ್ದ. ಚೌಕದ್ದು ಬೇಡ. ಎರಡು ಸುತ್ತಿನದೂ ಬೇಡ. ಒಂದನ್ನು ತಂಗಿಯ ಬೆರಳಿಗೆ ಹಾಕಿಸಿ ನೋಡಿದ. ಅದು ಅವಳ ಬೆರಳಲ್ಲಿ ತುಂಬ ಚೆನ್ನಾಗಿ ಕೂತಿತು. ಅನುಮಾನವನ್ನೆಲ್ಲ ಮರೆತು ಅವಳ ಎದೆ ಒಂದು ಗಳಿಗೆ ಹಗುರವಾಯಿತು.

"ಇದೂ ಅಲ್ಲ," ಎಂದ ಅವನು. "ಇದರಲ್ಲಿ ಸುತ್ತು ಕಲ್ಲಿಗೆ ಅಂಟಿಕೊಂಡಿದೆ. ಕಲ್ಲಿಗೂ ಸುತ್ತಿಗೂ ನಡುವೆ ಸ್ವಲ್ಪ ಕತ್ತಲೆ ಜಾಗ ಇರ್ಬೇಕು. ಆಮೇಲೆ ಬಣ್ಣ. ಸುತ್ತಿನ ಒಳಗಡೆ ನೀಲಿ, ಹೊರಗಡೆ ಹೋಗ್ತಾ ಹೋಗ್ತಾ ಕೆಂಪು."

ಅಂಗಡಿಯಾತನ ಹುಬ್ಬು ಮೇಲೇರಿತು. "ಹೀಗೆ ನಾನು ಮಾಡಿದ್ದೂ ಇಲ್ಲ, ನೋಡಿದ್ದೂ ಇಲ್ಲ. ನೀವೆಲ್ಲಿ ನೋಡಿದ್ರಿ?"

"ಹಾಂ, ಹೇಳಿ, ಎಲ್ಲಿ ನೋಡಿದ್ರಿ?" ಅಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ದಿನಾ ನೋಡ್ತೀನಲ್ಲ," ಎಂದ ಅವನು ಸಹಜವಾಗಿ.

"ದಿನಾನಾ?"

"ದಿನಾ ಅಂದ್ರೆ, ಸಂಜೆ ಹೊತ್ತು."

"ಸಂಜೆ ಹೊತ್ತು!" ಅಕ್ಕ ತಂಗಿಯ ಕಡೆ ತಿರುಗಿದಳು. ಆ ಮುಖದಲ್ಲಿ ಗೆದ್ದ ಸಂತೋಷವೂ ಇತ್ತು, ಅಳುವೂ ಇತ್ತು. "ಕೇಳಿಸ್ಕೊಂಡ್ಯಾ? ಅವರ ಬಾಯಿಂದಾನೇ ಬಂತು."

ತಂಗಿಯ ಕಿವಿ ಬಿಸಿಯಾಯಿತು. ಬೆರಳಲ್ಲಿದ್ದ ಉಂಗುರ ಸುಡುತ್ತಿದೆ ಎನಿಸಿತು. "ಯಾರ ಮನೇಲಿ?" ಎಂದು ಕೇಳಿದಳು. ದನಿ ತನ್ನದಲ್ಲವೆನ್ನುವಷ್ಟು ಒರಟಾಗಿತ್ತು.

"ಮನೇಲಾ? ಮನೇಲಿ ಅಲ್ಲ, ಬೀದೀಲಿ," ಎಂದ ಅವನು, ಅವರಿಬ್ಬರಿಗೂ ಏನಾಯಿತೆಂದು ತಿಳಿಯದೆ. "ನೀನೂ ನೋಡಿದ್ಯಲ್ಲ, ಅವತ್ತು ಬಸ್ ಸ್ಟಾಪಲ್ಲಿ. ದೀಪದ ಸುತ್ತ ಇರುತ್ತಲ್ಲ, ಅದು. ಅದೇ ಥರದ್ದು ನಿನಗೆ ಕೊಡಿಸ್ಬೇಕು ಅಂತ ನನ್ನಾಸೆ."

ಅಷ್ಟು ಹೊತ್ತಿಗೆ ಅಂಗಡಿಯಾತ, ಜಗಳ ಏಳುವ ಮೊದಲು ವ್ಯಾಪಾರ ಮುಗಿಸುವ ಆಸೆಯಿಂದ, ಅಂಗಡಿಯ ದೀಪಗಳನ್ನೆಲ್ಲ ಆರಿಸಿ ತಟ್ಟೆಯ ಮೇಲಿನ ಒಂದೇ ದೀಪ ಹಚ್ಚಿದ. ಕತ್ತಲಲ್ಲಿ ವಜ್ರಗಳ ಹೊಳಪು ತೋರಿಸುವುದು ಅವರ ವಾಡಿಕೆ. ಹರಳುಗಳು ಝಗ್ಗನೆ ಹೊಳೆದವು. ಬೀಗದವನು ಕನ್ನಡಕ ಮೇಲೆತ್ತಿ ಹುಬ್ಬನ್ನು ಒತ್ತಿಕೊಂಡ.

"ಅದೋ, ಅಲ್ಲೂ ಬಂತು ನೋಡು," ಎಂದು ದೀಪ ತೋರಿಸಿದ.

ತಂಗಿ ದೀಪ ನೋಡಲಿಲ್ಲ. ಅವನ ಎತ್ತಿದ ಕನ್ನಡಕದ ಕೆಳಗೆ ಕೆಂಪಗಾಗಿದ್ದ ಕಣ್ಣು ನೋಡಿದಳು. ಆಗ ಅವಳ ಬಾಯಿ, ವರ್ಷಗಟ್ಟಲೆ ಮೊದಲ ಕೋಣೆಯಲ್ಲಿ ಕೂತು ಯಾರು ಯಾರನ್ನೋ ಕೇಳಿದ ಪ್ರಶ್ನೆಯನ್ನು, ಅದೇ ರಾಗದಲ್ಲಿ, ತಾನಾಗಿಯೇ ಕೇಳಿತು:

"ದೀಪದ ಸುತ್ತ ಉಂಗುರ ಕಾಣುತ್ತಾ?"

ಕೇಳಿದ ಮೇಲೆ ಆ ಮಾತು ಅವಳ ಕಿವಿಗೂ ಬಿತ್ತು. ದಿನಾ ಬೆಳಗಾದರೆ ಅವಳು ಕೇಳುವ ಪ್ರಶ್ನೆ ಅದು, ಅದೇ ಪದಗಳು. ಹೌದು ಎಂದವರನ್ನು ಸಾಲು ಮುರಿದು ಮೊದಲು ಒಳಗೆ ಕಳಿಸಬೇಕು. ಕಣ್ಣಿನೊಳಗೆ ಒತ್ತಡ ಏರುತ್ತಿದೆ, ಹೀಗೇ ಬಿಟ್ಟರೆ ದೃಷ್ಟಿ ಹೋಗುತ್ತದೆ ಎಂದು ಅದರ ಅರ್ಥ. ಎಲ್ಲರನ್ನೂ ಕೇಳಿದ್ದಳು. ಅವನು ತಾನಾಗಿಯೇ ಬಂದು ಹೇಳಿದಾಗ ಮಾತ್ರ ನಾಚಿಕೊಂಡಿದ್ದಳು.

"ಕಾಣುತ್ತೆ," ಎಂದ ಅವನು. "ಎಲ್ಲಾರಿಗೂ ಕಾಣುತ್ತಲ್ಲ?"

ಅಂಗಡಿಯಾತ ಮೆಲ್ಲಗೆ ಇಲ್ಲವೆಂದು ತಲೆಯಾಡಿಸಿದ.

"ತಲೆನೋವು ಯಾವ ಕಡೆ?" ತಂಗಿ ಕೇಳಿದಳು.

"ಎಡಗಡೆ. ಕಣ್ಣಿನ ಮೇಲೆ. ಸಂಜೆ ಶುರುವಾದ್ರೆ ಮಲಗಿ ಎದ್ದ ಮೇಲೇ ಹೋಗೋದು."

"ಸಿನಿಮಾದಲ್ಲೂ ಅದೇನಾ?"

"ಕತ್ತಲಾದ್ರೆ ಜಾಸ್ತಿ. ನಿನಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

ಭುಜಕ್ಕೆ ಭುಜ ತಾಗಿದ ಆ ಮುಸ್ಸಂಜೆ ಅಕ್ಕನಿಗೂ ನೆನಪಾಯಿತು.

"ಬಲಗಣ್ಣು ಮುಚ್ಕೋ. ನನ್ನ ಮೂಗನ್ನೇ ನೋಡು, ಆಚೀಚೆ ನೋಡ್ಬೇಡ," ಎಂದಳು ತಂಗಿ. ಉಂಗುರವಿದ್ದ ಕೈಯನ್ನು ಅವನ ಎಡಪಕ್ಕಕ್ಕೆ ಚಾಚಿ ಬೆರಳಾಡಿಸಿದಳು. ದೀಪದ ಬೆಳಕಿಗೆ ವಜ್ರ ಮಿರಿಮಿರಿ ಮಿಂಚಿತು. ಅಂಗಡಿಯಾತನಿಗೆ ಅದು ಕಂಡಿತು, ಅಕ್ಕನಿಗೆ ಕಂಡಿತು.

"ನನ್ನ ಕೈ ಎಲ್ಲಿದೆ ಹೇಳು."

"ಕೈ ಎತ್ತು, ಹೇಳ್ತೀನಿ," ಎಂದ ಅವನು.

ಅವಳು ಅತ್ತೇಬಿಟ್ಟಳು. ಅಂಗಡಿಯಲ್ಲಿ, ಅಪರಿಚಿತನ ಎದುರು, ಮೂಗು ಒರೆಸಿಕೊಳ್ಳುತ್ತ ಅತ್ತಳು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ? ನಾನು ಅಲ್ಲೇ ಕೆಲಸ ಮಾಡೋಳಲ್ವಾ?"

"ಹೇಳಿದ್ನಲ್ಲ," ಎಂದ ಅವನು. ಅವನ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ಗೊಂದಲ ಮಾತ್ರ ಇತ್ತು. "ನನಗೂ ಇದೇನಪ್ಪ ಅಂತ ಅನುಮಾನ ಬಂದಿತ್ತು. ಅದಕ್ಕೇ ಅವತ್ತು ಕೇಳಿದ್ದು, ನಿನಗೂ ಕಾಣುತ್ತಾ ಅಂತ. ಕಾಣುತ್ತೆ ಅಂದೆ. ಕಣ್ಣಾಸ್ಪತ್ರೆಯವಳೇ ಹೇಳಿದ ಮೇಲೆ ಇನ್ನೇನು ಅಂತ ಸುಮ್ನಾದೆ."

ದೀಪದ ಬುಡದಲ್ಲೇ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅವನ ಸುಳ್ಳುಗಳನ್ನು ಹುಡುಕಿ ಹುಡುಕಿ ಸೋತಿದ್ದವಳಿಗೆ ಆ ಪ್ರೀತಿಯಲ್ಲಿ ಹೇಳಿದ್ದ ಒಂದೇ ಒಂದು ಸುಳ್ಳು ಸಿಕ್ಕಿತು. ಅದು ಅವಳದೇ ಆಗಿತ್ತು.

ಉಂಗುರ ಬಿಚ್ಚಿಟ್ಟು, ಅವನ ತೋಳು ಹಿಡಿದು, ಅವಳು ಬೀದಿಗಿಳಿದಳು. ಆಸ್ಪತ್ರೆ ಇನ್ನೂ ಮುಚ್ಚಿರಲಿಲ್ಲ. ಡಾಕ್ಟರಮ್ಮ ಹನಿ ಹಾಕಿ, ಒತ್ತಡ ನೋಡಿ, ಹುಬ್ಬು ಗಂಟಿಕ್ಕಿ, ಮಾತ್ರೆ ಕೊಟ್ಟು, ಮರುದಿನ ಲೇಸರಿನಲ್ಲಿ ಎರಡೂ ಕಣ್ಣಿಗೆ, ಒಳಗಿನ ನೀರು ಹರಿಯಲು, ಸೂಜಿಮೊನೆಯಂಥ ದಾರಿ ಮಾಡಿದರು. ಉಳಿದದ್ದು ಉಳಿಯುತ್ತದೆ ಎಂದರು. ಎಡಗಣ್ಣಿನ ಪಕ್ಕದ ನೋಟ ಹೋದದ್ದು ಹೋದಂತೆಯೇ.

"ಇಷ್ಟೆಲ್ಲ ಇದ್ರೂ ನಿಮ್ಮನ್ನ ಯಾರೂ ಏನೂ ಕೇಳ್ಲಿಲ್ವಾ?" ಎಂದರು ಡಾಕ್ಟರಮ್ಮ.

"ತುಂಬ ಕೇಳಿದ್ರು," ಎಂದ ಬೀಗದವನು. "ಬೇರೆ ಪ್ರಶ್ನೆಗಳು."

ಅಕ್ಕ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಅವನ ಅಂಗಿಯ ತೋಳಿನ ಗುಂಡಿಯೊಂದು ಸಡಿಲವಾಗಿತ್ತು. ಅವನು ಹೊರಬಂದಾಗ ಅವಳು ಕೈಚೀಲದಿಂದ ಸೂಜಿದಾರ ತೆಗೆದು, ಅವನನ್ನು ನಿಲ್ಲಿಸಿಕೊಂಡೇ ಹೊಲಿದು, ದಾರವನ್ನು ಹಲ್ಲಿನಲ್ಲಿ ಕಡಿದಳು.

ಕೆಲವು ವಾರಗಳ ಬಳಿಕ ಅವನೂ ತಂಗಿಯೂ ಮತ್ತೆ ಆ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಬೀದಿದೀಪ ಹೊತ್ತಿತು. ಅವನು ತಲೆಯೆತ್ತಿ ನೋಡಿದ. "ಎಲ್ಲಾ ಬೋಳು ಬೋಳು," ಎಂದ. "ಇಷ್ಟು ದಿನ ನೀವೆಲ್ಲ ಇದನ್ನೇ ನೋಡ್ತಿದ್ರಾ? ಪಾಪ."

ಮರುದಿನ ಅಂಗಡಿಗೆ ಹೋದರು. ಈ ಸಲ ಅವಳು ಅವನ ಬಲಕ್ಕೆ ಕುಳಿತಳು. ಅಂಗಡಿಯಾತ ಒಂದು ಹೊಸ ಉಂಗುರ ಮಾಡಿಟ್ಟಿದ್ದ. ನಡುವೆ ಸಣ್ಣ ವಜ್ರ, ಕೂದಲೆಳೆಯಷ್ಟು ಕತ್ತಲೆ ಜಾಗ ಬಿಟ್ಟು ಸುತ್ತ ಹರಳುಗಳು. ಬಣ್ಣ ಮಾತ್ರ ಸಾಧ್ಯವಾಗಲಿಲ್ಲ ಎಂದು ಕ್ಷಮೆ ಕೇಳಿದ. ಅವಳು ಅದನ್ನು ಬೆರಳಿಗೆ ಹಾಕಿಕೊಂಡು, ಅವನಿಗೆ ಕಾಣುವ ಕಡೆಗೇ ಕೈಯಿಟ್ಟು ತೋರಿಸಿದಳು.

ಅವನು ತುಂಬ ಹೊತ್ತು ನೋಡಿದ. "ಇದರ ಸುತ್ತ ನಿಜವಾಗ್ಲೂ ಇದೆಯಾ?" ಎಂದು ಕೇಳಿದ. "ನಿನಗೂ ಕಾಣುತ್ತಾ?"

"ಕಾಣುತ್ತೆ," ಎಂದಳು ಅವಳು.

ಅದೇ ಪ್ರಶ್ನೆ, ಅದೇ ಉತ್ತರ. ಈ ಸಲ ಅವನು ಅದನ್ನೇ ನಂಬಿ ಸುಮ್ಮನಾಗಲಿಲ್ಲ. ಅವಳ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡು, ಕಣ್ಣು ಮುಚ್ಚಿ, ಬೀಗ ತಡವುವ ಹೆಬ್ಬೆರಳಿನಿಂದ ಸುತ್ತಿನ ಹರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡತೊಡಗಿದ. ಅವಳ ಮನಸ್ಸಿಗೆ ನೋವಾಯಿತು. ಆದರೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಹೆಬ್ಬೆರಳು ಒಂದು ಸುತ್ತು ಬಂದು ಹೊರಟಲ್ಲಿಗೇ ಮುಟ್ಟಿದ ಮೇಲೆ ಅವನು ಕಣ್ಣು ತೆರೆದ.

"ಹೌದು, ಇದೆ," ಎಂದ.